ದೊಡ್ಡವ್ವನ ‘ಹೂಂ’

ಮೊರದ ತುಂಬ ಶೇಂಗಾ ಸುರುವಿಕೊಂಡು ಸುಲಿಯುತ್ತ ಕೂತಿದ್ದೆ. ಕೌನ್ಸೆಲಿಂಗ್ ಓದುತ್ತಿರುವ ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. ‘ಅಜ್ಜಿ, ಕಷ್ಟ ಹೇಳ್ಕೊಳ್ಳಾಕ ಬಂದವ್ರಿಗೆ ನಾವು ಬುದ್ಧಿ ಹೇಳಬಾರದಂತ. ಅವ್ರು ಹೋದ ಕಡಿ ಅವ್ರ ಜೊತಿ ಹೋಗಬೇಕಂತ,’ ಎಂದು ಹೊಸದೇನೋ ಕಂಡುಹಿಡಿದವಳ ಹಾಗೆ ಹೇಳಿದಳು. ನಾನು ನಕ್ಕುಬಿಟ್ಟೆ.

ಈ ಪಾಠ ಎಪ್ಪತ್ತರ ದಶಕದಲ್ಲೇ ಕೊಟ್ಟೂರಿನ ಒಂದು ಪಡಸಾಲೆಯಲ್ಲಿ ನನಗೆ ಆಗಿತ್ತು. ಕಲಿತದ್ದನ್ನು ಪಾಲಿಸಿದೆಯಾ ಎಂದು ಮಾತ್ರ ಕೇಳಬೇಡಿ. ನನ್ನದು ಎಲುಬಿಲ್ಲದ ನಾಲಿಗೆ.

ಆಗ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ ನನ್ನನ್ನು ಸೋದರಮಾವನಿಗೆ ಕೊಡುವುದೆಂದು ಮಾತಾಗಿತ್ತು. ಮಾವ ಚಿನ್ನದಂಥ ಮನುಷ್ಯ, ನನ್ನನ್ನು ಹೆಗಲ ಮೇಲೆ ಹೊತ್ತು ಸಂತೆ ತೋರಿಸಿದವನು. ಬೇಡ ಎನ್ನಲು ಕಾರಣವೇ ಸಿಗದೆ, ದಿನವಿಡೀ ವಟಗುಟ್ಟುತ್ತಿದ್ದ ನಾನು ಮೂಕಿಯಾದೆ. ಅನ್ನ ಸೇರದಾಯಿತು. ದೃಷ್ಟಿ ತೆಗೆದರು, ತಾಯಿತ ಕಟ್ಟಿದರು, ಬಂದವರೆಲ್ಲ ಬುದ್ಧಿ ಹೇಳಿದರು. ಕೊನೆಗೆ ಅಪ್ಪ, ನಿನ್ನ ಅಕ್ಕನಾದರೂ ಹೇಳಿ ನೋಡಲಿ ಎಂದು ಅವ್ವನ ಮೇಲೆ ರೇಗಿ, ನನ್ನನ್ನು ಕೊಟ್ಟೂರಿನ ಬಸ್ಸು ಹತ್ತಿಸಿದ.

ದೊಡ್ಡವ್ವನಿಗೆ ಮಾವ ಕೊನೆಯ ತಮ್ಮ, ಅವಳೇ ಎತ್ತಿ ಬೆಳೆಸಿದವನು. ಅವಳು ಯಾರ ಪರ ವಾದಿಸುತ್ತಾಳೆಂದು ನನಗೇನು ತಿಳಿಯದೆ? ಆದರೆ ಅವಳು ಬಿತ್ತನೆಯ ಶೇಂಗಾ ತುಂಬಿದ ಮೊರವನ್ನು ನಮ್ಮಿಬ್ಬರ ನಡುವೆ ಇಟ್ಟು, ಏನೂ ಕೇಳದೆ ಸುಲಿಯತೊಡಗಿದಳು. ದಿನಾ ಅದೇ ಕೆಲಸ. ಕೈ ಕೆಲಸಕ್ಕೆ ಹತ್ತಿದರೆ ಬಾಯಿ ತಾನೇ ಬಿಚ್ಚಿಕೊಳ್ಳುತ್ತದೆ ನೋಡಿ. ಒಂದು ಮಧ್ಯಾಹ್ನ ನಾನೇ ಶುರು ಮಾಡಿದೆ.

‘ಮಾವ ಒಳ್ಳ್ಯಾವ.’

‘ಹೂಂ. ಒಳ್ಳ್ಯಾವ.’

‘ಮೊದ್ಲು ಅವ ಬಂದ್ರ ಓಡಿಹೋಗಿ ಕೈ ಹಿಡೀತಿದ್ದೆ. ಈಗ ಅಡಿಗಿಮನ್ಯಾಗ ಅಡಗ್ತೀನಿ.’

‘ಹೂಂ. ಅಡಗೋ ಹಂಗಾತು.’

ನನ್ನದೇ ಮಾತು ಅವಳ ಬಾಯಲ್ಲಿ ಕೇಳಿದ್ದೇ ತಡ, ಅಳು ಒತ್ತರಿಸಿ ಬಂತು. ‘ಗಂಡ ಅನ್ನಾವ ಯಾರರ ಸಿಗ್ತಾನ ದೊಡ್ಡವ್ವ. ಮಾವ ಮತ್ತ ಎಲ್ಲಿ ಸಿಗ್ತಾನ? ಅವ ನನಗ ಮಾವಾಗೇ ಇರ್ಲಿ.’

ಇಷ್ಟು ದಿನ ಹುಡುಕಿದರೂ ಸಿಗದ ಕಾರಣ! ದೊಡ್ಡವ್ವನ ಕೈ ನಿಂತಿತು, ಕಣ್ಣು ತುಂಬಿತ್ತು. ತಮ್ಮನ ಪರವಾಗಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅಪ್ಪನಿಗೆ ನೀನೇ ಹೇಳು ಎಂದು ಅವಳಿಗೆ ಗಂಟುಬಿದ್ದೆ.

‘ನಿನ್ನ ಬಾಯಾಗ ಚಂದ ಬಂತು,’ ಎಂದಳು. ‘ನಾ ಹೇಳಿದ್ರ ಕೆಡ್ತೈತಿ.’

ನನ್ನನ್ನು ಕರೆದೊಯ್ಯಲು ಬಂದವನು ಮಾವನೇ. ಅಡಗಲಿಲ್ಲ ನಾನು. ಪಡಸಾಲೆಯಲ್ಲೇ ನಿಂತು ಅದೇ ಮಾತನ್ನು ಅವನ ಮುಖಕ್ಕೇ ಹೇಳಿದೆ. ಅವನು ಮೊರದ ಪಕ್ಕ ಕುಸಿದು ಕೂತ. ‘ನನಗೂ ಹಂಗ ಆಗಿತ್ತವ್ವ. ಎತ್ತಿ ಆಡಿಸಿದ ಕೂಸು ನೀನು. ಯಾರ ಮುಂದ ಹೇಳ್ಲಿ?’

‘ಹೂಂ,’ ಎಂದು ದೊಡ್ಡವ್ವ ಮೊರವನ್ನು ಅವನ ಕಡೆ ಸರಿಸಿದಳು.

ಇಬ್ಬರೂ ಕೂಡಿಯೇ ಊರಿಗೆ ಬಂದೆವು. ಅಪ್ಪ ಹಾರಾಡಿದ, ಕೂಗಾಡಿದ. ಹೆಣ್ಣೂ ಗಂಡೂ ಒಂದೇ ಮಾತು ಹಿಡಿದು ಕೂತರೆ ಪಾಪ, ಅವನಾದರೂ ಏನು ಮಾಡಿಯಾನು? ಗೆದ್ದೆ ನಾನು! ಮುಂದೆ ಬೇರೊಬ್ಬನ ಜೊತೆ ನನ್ನ ಮದುವೆಯಾದಾಗ, ಸೋದರಮಾವನಾಗಿ ಕೈ ಹಿಡಿದು ನನ್ನನ್ನು ಹಸೆಗೆ ಕರೆತಂದವನು ಅವನೇ. ಆ ದಿನ ಮದುಮಗನಿಗಿಂತ ಅವನ ಎದೆಯೇ ಹೆಚ್ಚು ಉಬ್ಬಿತ್ತು.

ಕಥೆ ಮುಗಿದರೂ ಮೊಮ್ಮಗಳು ಏಳಲಿಲ್ಲ. ಸ್ವಲ್ಪ ಹೊತ್ತು ಶೇಂಗಾ ಸುಲಿದು, ತಲೆ ತಗ್ಗಿಸಿಯೇ, ‘ಅಜ್ಜಿ, ನಿನಗೊಂದು ಹೇಳಬೇಕಿತ್ತು,’ ಎಂದಳು. ನನ್ನ ನಾಲಿಗೆಯ ತುದಿಗೆ ಆಗಲೇ ನಾಲ್ಕಾರು ಬುದ್ಧಿಮಾತು ಬಂದು ನಿಂತಿದ್ದವು. ಅವುಗಳ ಮೇಲೆ ಒಂದು ಶೇಂಗಾಬೀಜ ಬಾಯಿಗೆ ಒಗೆದುಕೊಂಡು, ಮೊರವನ್ನು ಅವಳ ಕಡೆ ಸರಿಸಿದೆ.

‘ಹೂಂ,’ ಎಂದೆ.