ಮೂರನೇ ಟೇಬಲ್ ಸಾರ್

ಗೋಂದಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಈಗ ಆಫೀಸಿನಲ್ಲಿ ಗೋಂದು ಹಚ್ಚುವವರು ಯಾರಿದ್ದಾರೆ ಹೇಳಿ, ಎಲ್ಲ ಕಂಪ್ಯೂಟರು. ಆದರೆ ಬೆಳಿಗ್ಗೆ ತೇನ್‌ಮೊಳಿ ಎಂಬ ಹೊಸ ಹುಡುಗಿ ತನ್ನ ಫೋಟೋ ಅಂಟಿಸಿದ ಫಾರಮ್ಮನ್ನು ನನ್ನ ಮುಂದಿಟ್ಟಳು. ಗೋಂದು ಇನ್ನೂ ಹಸಿಯಾಗಿತ್ತು. ಫಾರಮ್ಮಿನ ಮೇಲೆ ಅವಳ ಹೆಸರು, ಅದರ ಕೆಳಗೆ ನನ್ನ ಹೆಸರು, ನನ್ನ ಹೆಸರಿನ ಪಕ್ಕದಲ್ಲಿ 'ಮೆಂಟರ್' ಎಂಬ ಬಿರುದು. ನಮ್ಮ ವಿಶ್ವವಿದ್ಯಾಲಯದಲ್ಲಿ ಈ ವರ್ಷದಿಂದ ಕೆಲಸಕ್ಕೆ ಸೇರುವವರಿಗೆಲ್ಲ ಒಬ್ಬೊಬ್ಬ ಮೆಂಟರ್ ಇರಬೇಕಂತೆ. ಅದಕ್ಕೆಂದು ನಮಗೆ ಅರ್ಧ ದಿನ ತರಬೇತಿಯೂ ನಡೆಯಿತು. ಪರದೆಯ ತುಂಬ ಬಾಣಗಳು, ವೃತ್ತಗಳು, ಕೊನೆಯಲ್ಲಿ ಬಾಳೆಕಾಯಿ ಬಜ್ಜಿ. ಬಜ್ಜಿ ಚೆನ್ನಾಗಿತ್ತು. ಉಳಿದದ್ದರ ತಲೆಬುಡ ತಿಳಿಯಲಿಲ್ಲ.

ಫಾರಮ್ಮಿನಲ್ಲಿ ನಾನು ತುಂಬಬೇಕಾದ ಕಾಲಂ ಒಂದೇ ಒಂದು: ನೀವು ಸೇರಿದಾಗ ನಿಮಗೆ ಕೆಲಸ ಕಲಿಸಿದವರ ಹೆಸರು ಮತ್ತು ಸಿಬ್ಬಂದಿ ಸಂಖ್ಯೆ. ಪೆನ್ನು ಅಲ್ಲಿಗೇ ನಿಂತಿತು. ಹೆಸರು ಗೊತ್ತು. ಸಿಬ್ಬಂದಿ ಸಂಖ್ಯೆಯನ್ನು ಎಲ್ಲಿಂದ ತರಲಿ? ಅಷ್ಟರಲ್ಲಿ ಕೌಂಟರಿನ ಕಿಂಡಿಯಿಂದ ಹಸಿರು ಸೀರೆಯ ಹೆಂಗಸೊಬ್ಬಳು ಏನೋ ಕೇಳಿದಳು. ನಾನು ತಲೆಯೆತ್ತದೆ, "ನಾಳೈಕ್ಕು ವಾಂಗಮ್ಮಾ," ನಾಳೆ ಬನ್ನಿ, ಎಂದು ತಮಿಳಿನಲ್ಲಿ ಅಂದುಬಿಟ್ಟೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ನನಗೆ ನಾಚಿಕೆಯಾಗಲಿಕ್ಕಿದೆ.

ಹದಿನಾರು ವರ್ಷದ ಹಿಂದೆ ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತೇ ಬಂದು, ಬೆವರಿನಲ್ಲಿ ತೊಯ್ದು, ಇದೇ ಪರೀಕ್ಷಾ ವಿಭಾಗದ ಬಾಗಿಲಲ್ಲಿ ಕೆಲಸದ ಆರ್ಡರು ಹಿಡಿದು ನಿಂತಿದ್ದೆ. ನನ್ನನ್ನು ಕೆಲಸಕ್ಕೆ ಸೇರಿಸಿದ್ದೇ ತನ್ನ ಹರಕೆ ಎಂದು ಅಮ್ಮ ನಂಬಿದ್ದಳು, ಹಾಗಾಗಿ ಪ್ರೊಬೇಷನ್ನಿನಲ್ಲಿ ಕೆಲಸ ಕಳೆದುಕೊಂಡರೆ ದೇವರಿಗೂ ಅವಮಾನ. ಒಳಗೆ ನೋಡಿದರೆ ನೆಲದಿಂದ ಸೂರಿನ ತನಕ ಕಾಗದದ ಕಟ್ಟುಗಳು. ಕಟ್ಟುಗಳ ಸಂದಿಯಲ್ಲಿ ಸೂಪರಿಂಟೆಂಡೆಂಟ್ ಮೇಡಂ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. "ಮೂಣಾವದು ಟೇಬಲ್. ಅವರ್ ಸೊಲ್ಲಿ ಕೊಡುಪ್ಪಾರ್," ಮೂರನೇ ಟೇಬಲ್ಲಿನವರು ಹೇಳಿಕೊಡುತ್ತಾರೆ, ಎಂದು ಕನ್ನಡಕ ಮತ್ತೆ ಮುಳುಗಿತು.

ಮೂರನೇ ಟೇಬಲ್ಲಿನಲ್ಲಿ ಹಣೆಗೆ ಸಣ್ಣ ಅಕ್ಷತೆ ಇಟ್ಟುಕೊಂಡ ವಯಸ್ಸಾದವರೊಬ್ಬರು ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ, ನೀರಿನ ಬಾಟಲಿ. ಕಟ್ಟುಗಳನ್ನು ನೋಡಿ ನನ್ನ ಬಾಯಿಂದ "ಅಯ್ಯೋ ದೇವರೇ" ಹೊರಟದ್ದೇ ತಡ, ಅವರು ಕಣ್ಣರಳಿಸಿದರು.

"ಕನ್ನಡಾನಾ? ಬಾಮ್ಮಾ, ಕೂತ್ಕೋ."

"ಸಾರ್, ನಾನು ಹೊಸಬಳು. ಕೆಲಸ ಹೇಳಿಕೊಡಬೇಕಂತೆ ನೀವು."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಕಂಡಿಪ್ಪಾ ಹೇಳ್ತೀನಿ," ಖಂಡಿತ ಹೇಳುತ್ತೇನೆ, ಎಂದರು.

ಅವರು ಹೇಳಿಕೊಟ್ಟ ಹಾಗೆ ನನಗೆ ಶಾಲೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಟಪಾಲು ಯಾವ ಕಿಂಡಿಯಲ್ಲಿ ಒಳಗೆ ಬರುತ್ತದೆ, ಯಾವ ಬೀರುವಿನಲ್ಲಿ ಮೂರು ವಾರ ಮಲಗುತ್ತದೆ, ಯಾವ ಅಧಿಕಾರಿ ಎರಡನೇ ಕಾಫಿಯ ನಂತರ ಮಾತ್ರ ಸಹಿ ಹಾಕುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. "ಫೈಲು ಅಂದ್ರೆ ಎಮ್ಮೆ ಕಣಮ್ಮಾ. ಹಿಂದಿಂದ ಹೊಡೆದ್ರೆ ನಿಂತುಬಿಡುತ್ತೆ. ಪಕ್ಕದಲ್ಲೇ ನಡೀಬೇಕು," ಎನ್ನುತ್ತಿದ್ದರು. ಇನ್ನೊಂದು ಮಾತು: "ನಾಳೆ ಬನ್ನಿ ಅಂತ ಮಾತ್ರ ಯಾರಿಗೂ ಹೇಳ್ಬೇಡ. ಯಾವ ನಾಳೆ ಅಂತ ಹೇಳು."

ಅಭ್ಯಾಸಕ್ಕೆಂದು ಒಂದೇ ಅರ್ಜಿಯನ್ನು ಹಿಡಿದುಕೊಂಡೆವು. ನಂಬರು ನಾಲ್ಕು-ಎರಡು-ಒಂದು-ಏಳು. ಇಂದಿರಾ ಬಾಯಿ ಎಂಬ ಹೆಂಗಸು ಅರವತ್ತರ ವಯಸ್ಸಿನಲ್ಲಿ ಅಂಚೆ ಮೂಲಕ ಎಂ.ಎ. ಕಟ್ಟಿದ್ದರು. ಎಲ್ಲದರಲ್ಲೂ ಪಾಸು, ಒಂದು ಪತ್ರಿಕೆಯ ಮುಂದೆ ಮಾತ್ರ 'ಗೈರುಹಾಜರು' ಎಂದು ಬಂದಿತ್ತು. ಪರೀಕ್ಷೆ ಬರೆದದ್ದಕ್ಕೆ ಹಾಜರಿ ಹಾಳೆಯಲ್ಲಿ ಆಕೆಯ ಸಹಿ ಇದೆ, ಉತ್ತರಪತ್ರಿಕೆ ಮಾತ್ರ ಕಾಣೆ. "ಈ ತಿಂಗಳು ಮುಗಿದ್ರೆ ಆ ಸಲದ ಉತ್ತರಪತ್ರಿಕೆಗಳೆಲ್ಲ ರದ್ದಿಗೆ ಹೋಗ್ತವೆ. ಅಪ್ಪರಂ, ಆಮೇಲೆ, ಈಕೆ ಬರೆದಿದ್ದಾಳೆ ಅಂತ ದೇವರು ಬಂದು ಹೇಳಿದ್ರೂ ಕೇಳೋರಿಲ್ಲ," ಎಂದು ಸಾರ್ ವಿವರಿಸಿದರು.

"ಇನ್ನೊಂದು ಸಲ ಬರೆಯಬಹುದಲ್ಲ ಸಾರ್?"

"ಬರೆಯಲ್ಲ ಅಂತಾಳೆ. ಬರೆದಿದ್ದನ್ನ ಮತ್ತೆ ಯಾಕೆ ಬರೀಲಿ, ನಾನೇನು ಸುಳ್ಳುಗಾರ್ತಿಯಾ ಅಂತಾಳೆ. ಪುಸ್ತಕಾನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಿದಾಳೆ."

ಅರ್ಜಿದಾರರ ಮನೆಯ ಅಟ್ಟದ ತನಕ ಕಾಳಜಿ ಇರುವ ನೌಕರ! ನಾನು ಮನಸ್ಸಿನಲ್ಲೇ ಕೈಮುಗಿದೆ. ನನ್ನ ಬುದ್ಧಿಗೆ ಏನು ಹೇಳೋಣ, ನೀವೇ ನೋಡಿ. ಅವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿರಲಿಲ್ಲ. ಹಿರಿಯರಿಗೆ ಬೇಕಿಲ್ಲವೇನೋ ಅಂದುಕೊಂಡೆ. ಕೌಂಟರು ಮುಚ್ಚುವ ಹೊತ್ತಿಗೆ ಚೀಲ ಎತ್ತಿಕೊಂಡು ಹೊರಡುತ್ತಿದ್ದರು. ಹಿರಿಯರಿಗೆ ಅರ್ಧ ದಿನವೇನೋ ಅಂದುಕೊಂಡೆ. ಇಡೀ ಕಚೇರಿಯನ್ನು ಬಲ್ಲವರಿಗೆ ಗೋಂದಿನ ಬಾಟಲಿ ಯಾವ ಡ್ರಾಯರಿನಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ದೊಡ್ಡವರು ಗೋಂದು ಮುಟ್ಟುವುದಿಲ್ಲವೇನೋ! ಹೆಸರು ಕೇಳುವುದಕ್ಕೂ ಧೈರ್ಯ ಬರಲಿಲ್ಲ, ಸಾರ್ ಎಂದರೆ ಸಾರ್.

ಎಂಟನೆಯ ದಿನ ಅವರು ಹೇಳಿದಂತೆ ನೋಟ್ ಬರೆದೆ: ಉತ್ತರಪತ್ರಿಕೆ ಬೇರೆ ಕಟ್ಟಿಗೆ ಸೇರಿಹೋಗಿರಬಹುದು, ಇಂಥ ಪರೀಕ್ಷಾ ಕೇಂದ್ರದ ಪಕ್ಕದ ಕೇಂದ್ರಗಳ ಕಟ್ಟುಗಳನ್ನು ಬಿಚ್ಚಿ ಹುಡುಕಲು ಅನುಮತಿ ಬೇಕು. ಸಾರ್ ಎರಡು ಸಲ ಓದಿ, ಒಂದು ಪದ ಹೊಡೆದುಹಾಕಿಸಿ, ಫೈಲಿಗೆ ಅಂಟಿಸಿದ ಮೇಲೆ ಗೋಂದು ಒಣಗುವ ತನಕ ಹಾಳೆಯ ಮೇಲೆ ಅಂಗೈ ಒತ್ತಿ ಹಿಡಿದುಕೊಂಡಿದ್ದರು. ಫೈಲನ್ನು ಸೂಪರಿಂಟೆಂಡೆಂಟ್ ಮೇಡಂ ಟ್ರೇಯಲ್ಲಿಟ್ಟು ಬಂದೆ. ನನ್ನ ಮೊದಲ ಫೈಲು. ಮನೆಗೆ ಹೋಗಿ ಅಮ್ಮನಿಗೆ ಪಾಯಸ ಮಾಡು ಎಂದೆ.

ಒಂಬತ್ತನೆಯ ದಿನ ಬೆಳಿಗ್ಗೆ ದಪ್ಪ ಮೀಸೆಯವರೊಬ್ಬರು ಬಂದು ಮೂರನೇ ಟೇಬಲ್ಲಿನ ಮುಂದೆ ನಿಂತು, "ಯಾರ್ ಸಾರ್ ನೀಂಗ? ಇದು ಎನ್ ಸೀಟು," ನೀವು ಯಾರು, ಇದು ನನ್ನ ಸೀಟು, ಎಂದರು. ವೈದ್ಯಕೀಯ ರಜೆಯ ಮೇಲಿದ್ದ ನಿಜವಾದ ಗುಮಾಸ್ತರು! ನಮ್ಮ ಸಾರ್ ಎದ್ದರು. ಕರವಸ್ತ್ರದಿಂದ ಕುರ್ಚಿ ಒರೆಸಿದರು. ಚೀಲ ಎತ್ತಿಕೊಂಡು ಹೊರಗೆ ಹೋಗಿ, ಸುತ್ತು ಹಾಕಿ, ಕೌಂಟರಿನ ಆಚೆ ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ಕಿಂಡಿಯಲ್ಲಿ ಕೂತವಳು ನಾನೇ.

"ಮೇಡಂ, ನಾಲ್ಕು-ಎರಡು-ಒಂದು-ಏಳು. ನನ್ನ ಹೆಂಡತಿ ಅರ್ಜಿ. ಏನಾಯ್ತು?"

ಎಂಟು ದಿನ 'ಏನಮ್ಮಾ' ಎಂದವರು ಮೇಡಂ ಎನ್ನುತ್ತಿದ್ದಾರೆ. ಕಿಂಡಿ ಮುಚ್ಚಿ ಮೆಟ್ಟಿಲ ಬಳಿ ಅವರನ್ನು ಹಿಡಿದೆ. ಕೋಪದಲ್ಲಿ ನನಗೆ ಅಳುವೇ ಬಂದಿತ್ತು.

"ಮೋಸ ಮಾಡಿದ್ರಲ್ಲ ಸಾರ್! ನನ್ನ ಕೆಲಸ ಹೋದ್ರೆ?"

"ಮೋಸ ಅಂತ ಹೇಳ್ಬೇಡಮ್ಮಾ. ಮೊಣಕಾಲು ನೋವು ಅಂತ ನಿಮ್ಮ ಮೇಡಮ್ಮೇ ಖಾಲಿ ಕುರ್ಚೀಲಿ ಕೂರಿಸಿದ್ರು, ಕೂರಿಸಿ ಮರೆತುಬಿಟ್ರು. ಏಳು ತಿಂಗಳಿಂದ ವೆಸ್ಟ್ ಮಾಂಬಲಂನಿಂದ ಬರ್ತಿದೀನಿ. ಈ ಆಫೀಸಲ್ಲಿ ನನ್ನನ್ನ ಒಬ್ರಾದ್ರೂ ಏನಾದ್ರೂ ಕೇಳಿದಾರೆ ಅಂದ್ರೆ ಅದು ನೀನೇ. ಗೊತ್ತಿರೋದು ಹೇಳಿದೆ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ನೀನು ಬೇಕಾದ್ರೆ ಫೈಲು ವಾಪಸ್ ತಗೋ. ಅವಳಿಗೆ ನಾನು ಏನೋ ಒಂದು ಹೇಳ್ಕೋತೀನಿ," ಎಂದರು.

ನಿಜ ಹೇಳುತ್ತೇನೆ, ವಾಪಸ್ ತೆಗೆದುಕೊಳ್ಳಲೆಂದೇ ಒಳಗೆ ಹೋದೆ. ಹೊರಗಿನವರು ಬರೆಸಿದ ನೋಟು, ಪ್ರೊಬೇಷನ್ನಿನ ಹುಡುಗಿ, ತಿಂಗಳು ಮುಗಿಯಲು ಆರು ದಿನ. ಆದರೆ ಫೈಲು ಆಗಲೇ ಸೂಪರಿಂಟೆಂಡೆಂಟ್ ಮೇಡಂ ಕೈಯಲ್ಲಿತ್ತು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನೋಟ್ ಚೆನ್ನಾಗಿದೆ, ಯಾರು ಹೇಳಿಕೊಟ್ಟರು ಎಂದು ತಮಿಳಿನಲ್ಲಿ ಕೇಳಿದರು. ಹೇಳಿಬಿಡಲೇ? ಹೇಳಿದರೆ ನೋಟು ಹರಿಯುತ್ತದೆ, ಪತ್ರಿಕೆ ರದ್ದಿಗೆ ಹೋಗುತ್ತದೆ. ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ, ನಾನು ಮುಖವೇ ನೋಡದ ಆ ಹೆಂಗಸು ನೆನಪಾದರು.

"ಮೂರನೇ ಟೇಬಲ್ ಸಾರ್," ಎಂದೆ.

ಮೇಡಂ ಮೂರನೇ ಟೇಬಲ್ಲಿನ ಕಡೆ ನೋಡಿದರು. ಮೀಸೆಯವರು ಪೇಪರು ಓದುತ್ತಿದ್ದರು. "ಅವರಾ?" ಎಂದು ಬಹಳ ಹೊತ್ತು ಹುಬ್ಬೇರಿಸಿ, ಆಮೇಲೆ ಸಹಿ ಹಾಕಿದರು. ನಾನು ಹೇಳಿದ್ದು ಸುಳ್ಳೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮೇಡಮ್ಮಿಗೆ ಗೊತ್ತಾಗಿತ್ತೋ ಏನೋ, ಅದೂ ತಿಳಿಯದು.

ಉತ್ತರಪತ್ರಿಕೆ ಪಕ್ಕದ ಕೇಂದ್ರದ ಕಟ್ಟಿನಲ್ಲಿ ಸಿಕ್ಕಿತು, ತಿಂಗಳು ಮುಗಿಯಲು ಎರಡು ದಿನ ಇರುವಾಗ. ಪಾಸು. ಅಂಕಪಟ್ಟಿ ತೆಗೆದುಕೊಳ್ಳಲು ಇಂದಿರಾ ಬಾಯಿಯವರೇ ಬಂದಿದ್ದರು, ಹಿಂದೆ ಚೀಲ ಹಿಡಿದು ಸಾರ್. ಆಕೆ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, "ನೀನೇನಾ ಇವರ ಶಿಷ್ಯೆ? ಮನೇಲಿ ಇವರಿಗೆ ಗ್ಯಾಸ್ ಬುಕ್ ಮಾಡೋಕೂ ಬರಲ್ಲ ಕಣೇ," ಎಂದರು. ಸಾರ್ ಮಗುವಿನ ಹಾಗೆ ನಕ್ಕರು. ಆಕೆಯ ಬಾಯಿಂದಲೇ ಅವರ ಹೆಸರು ಪ್ರಾಣೇಶ ರಾವ್ ಎಂದು ಗೊತ್ತಾದದ್ದು.

ಮರುದಿನ ಅವರು ಬರಲಿಲ್ಲ. ಬರುವುದಾದರೂ ಏಕೆ, ಕೆಲಸ ಮುಗಿದಿತ್ತಲ್ಲ. ನಾನು ಮಾತ್ರ ಒಂದು ಫೈಲನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಯದೆ ಮೂರನೇ ಟೇಬಲ್ಲಿನ ಕಡೆ ತಿರುಗಿದೆ. ಮೀಸೆಯವರು "ನಾಳೈಕ್ಕು ಪಾಕ್ಕಲಾಂ," ನಾಳೆ ನೋಡೋಣ, ಎಂದರು. ಮಾಂಬಲಂನ ವಿಳಾಸ ಅರ್ಜಿಯಲ್ಲೇ ಇತ್ತು. ದಿನಕ್ಕೆರಡು ಸಲ ಟ್ರೈನಿನಲ್ಲಿ ಆ ಸ್ಟೇಷನ್ನು ದಾಟುತ್ತಿದ್ದೆ. ಒಂದು ದಿನವೂ ಇಳಿಯಲಿಲ್ಲ. ಅವರು ನನಗೆ ಕಲಿಸಿದ್ದು ನನಗಾಗಿಯೋ ತಮ್ಮ ಅರ್ಜಿಗಾಗಿಯೋ ಎಂದು ಕೇಳಬೇಕಿತ್ತು. ಕೇಳಲು ಹೆದರಿದೆನೋ ಏನೋ.

ಇವತ್ತು ಫಾರಮ್ಮಿನಲ್ಲಿ ಪ್ರಾಣೇಶ ರಾವ್ ಎಂದು ಬರೆದೆ. ಸಿಬ್ಬಂದಿ ಸಂಖ್ಯೆಯ ಜಾಗದಲ್ಲಿ 4217 ಎಂದು ಬರೆದೆ. ಎದುರಿಗೆ ನಿಂತಿದ್ದ ತೇನ್‌ಮೊಳಿ ತಲೆಕೆಳಗಾಗಿಯೇ ಓದಿಕೊಂಡು, ಸಂಖ್ಯೆಯಲ್ಲಿ ಆರು ಅಂಕಿ ಇರಬೇಕಲ್ಲ ಮೇಡಂ, ಅವರು ಯಾವ ಸೆಕ್ಷನ್ನು ಎಂದು ಕೇಳಿದಳು. ನಾನು ಕಿಂಡಿಯಾಚೆ ಅರ್ಜಿದಾರರು ಕಾಯುವ ಬೆಂಚು ತೋರಿಸಿದೆ. "ಇವತ್ತೊಂದು ದಿನ ಅಲ್ಲಿ ಹೋಗಿ ಕೂತ್ಕೋ. ನಾಳೆ ಹತ್ತೂವರೆಗೆ ನನ್ನ ಹತ್ತಿರ ಬಾ," ಎಂದೆ, ಅವಳಿಗೆ ತಿಳಿಯುವ ತಮಿಳಿನಲ್ಲಿ.

"ಮೇಡಂ, ನಾನು ಸ್ಟಾಫು," ಎಂದಳು ಪಾಪ, ಗಾಬರಿಯಿಂದ. ತರಬೇತಿಯ ಯಾವ ಬಾಣದಲ್ಲೂ ಇದು ಇರಲಿಲ್ಲ, ಸರಿಯೋ ತಪ್ಪೋ ನನಗೂ ಗೊತ್ತಿಲ್ಲ. ಆದರೂ ಹೋಗಿ ಕೂತಳು. ನಾಳೆ ಬನ್ನಿ ಎಂದರೂ ಹೋಗದೆ ಬೆಂಚಿನಲ್ಲೇ ಕೂತಿದ್ದ ಹಸಿರು ಸೀರೆಯ ಹೆಂಗಸು ಸರಿದು ಅವಳಿಗೆ ಜಾಗ ಮಾಡಿಕೊಟ್ಟು, ತನ್ನ ನೀರಿನ ಬಾಟಲಿ ಮುಂದೆ ಹಿಡಿದು ಕೇಳಿದ್ದು ನನ್ನ ಟೇಬಲ್ಲಿನ ತನಕ ಕೇಳಿಸಿತು: "ನೀನು ಎಷ್ಟು ತಿಂಗಳಿಂದ ಬರ್ತಿದ್ದೀಯಮ್ಮಾ?"