ಗೋಡೆಯ ತೂತಿನ ಆಕಾರ

ಅವರ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಇತ್ತು. ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಸವೆದದ್ದು. ಎಡಗಡೆಯ ಹಲ್ಲೋ ಬಲಗಡೆಯದೋ, ಈಗ ಆಣೆಯಿಟ್ಟು ಹೇಳಲಾರೆ. ಮುಂದೆ ಹೇಳುವುದರಲ್ಲೂ ನಡೆದದ್ದು ಎಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದು ಎಷ್ಟು ಎಂಬ ಅನುಮಾನ ನನಗಿದೆ.

ಸಾಗರದ ಪೇಟೆಯಲ್ಲಿ ಅವರದು ರೇಡಿಯೊ ರಿಪೇರಿ ಅಂಗಡಿ. ಒಂಟಿ ಮನುಷ್ಯ, ಅಂಗಡಿಯ ಹಿಂದಿನ ಕೋಣೆಯೇ ಮನೆ. ಎಂಬತ್ತರ ದಶಕದ ಆರಂಭದಲ್ಲಿ ನಾನು ಕಾಲೇಜಿನ ಕೆಲಸಕ್ಕೆ ರಜೆ ಹಾಕಿ, ಒಂದು ವರ್ಷದ ಓದಿಗೆಂದು ಇಂಗ್ಲೆಂಡಿಗೆ ಹೊರಟಿದ್ದೆ. ನನ್ನ ಟೂ-ಇನ್-ಒನ್ ರೇಡಿಯೊ ಹಿಡಿದು ಅವರಲ್ಲಿಗೆ ಹೋಗಿ, ಅಲ್ಲಿಯ ಕರೆಂಟಿಗೆ ಹೊಂದುವ ಪಿನ್ನು ಹಾಕಿಕೊಡಿ ಎಂದೆ.

"ಅಲ್ಲಿ ಗೋಡೇಲಿ ತೂತು ಯಾವ ಆಕಾರ ಮೇಷ್ಟ್ರೇ?"

"ಗೊತ್ತಿಲ್ಲ."

"ಕಾಲು ನೋಡ್ದೆ ಚಪ್ಪಲಿ ಹೊಲಿ ಅಂತೀರಲ್ಲ ಮಾರಾಯ್ರೆ! ಇಷ್ಟೆಲ್ಲ ಓದಿ ಎಂಥ ಮಾಡಿದ್ರಿ?"

ಇದ್ದ ಪಿನ್ನನ್ನೂ ಕತ್ತರಿಸಿಬಿಟ್ಟರು. ನನಗೆ ಸಿಟ್ಟು ಬಂತು. ಸ್ಕ್ರೂಡ್ರೈವರ್ ಕೈಗಿಟ್ಟು, "ಪಿನ್ನು ಅಲ್ಲೇ ತಗೊಳಿ. ಹಾಕೋದು ಇಲ್ಲೇ ಕಲ್ತ್ಕಂಡು ಹೋಗಿ" ಎಂದರು. ಸ್ಟೂಲಿನ ಮೇಲೆ ಕೂರಿಸಿ, ಹಳೆಯ ಪಿನ್ನೊಂದಕ್ಕೆ ವೈರು ಹಾಕಿಸಿದರು, ಬಿಚ್ಚಿಸಿದರು, ಮತ್ತೆ ಹಾಕಿಸಿದರು. ತಂತಿಯ ಒಂದು ಎಳೆ ಹೊರಗೆ ಇಣುಕಿದರೂ ಬೈಗುಳ. "ಹಲ್ಲಲ್ಲಿ ಮಾತ್ರ ಸುಲೀಬೇಡಿ. ಅದಕ್ಕೆ ನಮ್ದೊಂದು ಬಾಯಿ ಸಾಕು."

ಹೊರಡುವಾಗ ಕೇಳಿದ್ದು ಒಂದೇ: "ಆ ತೂತಿನ ಚಿತ್ರ ಒಂದು ಕಾರ್ಡಲ್ಲಿ ಬರ್ದು ಕಳ್ಸಿ. ನಂಗೂ ಒಂದು ಫಾರಿನ್ ಕಾಗ್ದ ಬಂದಂಗಾಗ್ತದೆ."

ಇಂಗ್ಲೆಂಡಿನಲ್ಲಿ ನನ್ನ ಕೋಣೆಗೆ ವಾರಗಟ್ಟಲೆ ಯಾರೂ ಬರುತ್ತಿರಲಿಲ್ಲ. ಗೋಡೆಯಲ್ಲಿ ಮೂರು ಚಪ್ಪಟೆ ತೂತು. ಪಿನ್ನು ತಂದು ನಾನೇ ಹಾಕಿದೆ. ರೇಡಿಯೊ ಮಾತಾಡಿತು. ಯಾರಿಗಾದರೂ ಹೇಳಬೇಕೆನಿಸಿತು, ಕೇಳುವವರಿರಲಿಲ್ಲ. ಆಗಲೇ ಕಾರ್ಡು ಬರೆದೆ.

ಮರಳಿ ಬಂದಾಗ ಅಂಗಡಿಗೆ ಬೀಗ.

"ತೀರ್ಕಂಡ್ರಲ್ಲ, ಎರಡು ತಿಂಗ್ಳಾತು" ಎಂದರು ಪಕ್ಕದ ದರ್ಜಿ. "ಪೋಸ್ಟ್‌ಮ್ಯಾನ್ ಕಂಡ್ರೆ ಸಾಕು, ಇಂಗ್ಲೆಂಡಿನ ಗೋಡೆ ಬಂತೇನೋ ಅಂತ ಕೇಳೋರು."

"ಕಾರ್ಡು ಹಾಕಿದ್ದೆನಲ್ಲ!"

"ದಾರೀಲಿ ಕಳೆದಿರ್ಬೇಕು ಬಿಡಿ."

ಹಾಗೆಂದೇ ನಂಬಿಕೊಂಡಿದ್ದೆ. ಒದ್ದೆ ರಸ್ತೆ, ಕೆಂಪು ಅಂಚೆಪೆಟ್ಟಿಗೆ, ಕಾರ್ಡು ಒಳಗೆ ಬಿದ್ದ ಸದ್ದು, ಎಲ್ಲವೂ ನೆನಪಿನಲ್ಲಿತ್ತು. ಇಂದಿಗೂ ಮನೆಯ ಪಿನ್ನುಗಳನ್ನು ನಾನೇ ಹಾಕುತ್ತೇನೆ. ಪ್ರತಿ ಸಲವೂ ಕಾರ್ಡು ಬಿದ್ದ ಆ ಸದ್ದು ಕೇಳುತ್ತಿತ್ತು.

ಕಳೆದ ವರ್ಷ, ಇಂಗ್ಲೆಂಡಿನಿಂದ ತಂದ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಕಾರ್ಡು ಒಂದರೊಳಗಿತ್ತು. ಮೂರು ಚಪ್ಪಟೆ ತೂತು, ಅವರ ವಿಳಾಸ, ಸ್ಟಾಂಪು. ಸ್ಟಾಂಪಿನ ಮೇಲೆ ಅಂಚೆಯ ಮುದ್ರೆ ಇರಲಿಲ್ಲ.