ಉಪ್ಪು ನೋಡುವವಳು

ಮೊದಲ ದಿನ ಪಾಠ ಮುಗಿಸಿ ಹೊರಗೆ ಬಂದರೆ ನನ್ನ ಚಪ್ಪಲಿಗಳು ತಿರುಗಿ ನಿಂತಿದ್ದವು. ಬಸದಿಯ ಮುಂದೆ ಬಿಡುವ ಹಾಗೆ ಮುಖ ಒಳಗೆ ಮಾಡಿ ಬಿಟ್ಟು ಹೋಗಿದ್ದೆ. ಈಗ ಅವು ರಸ್ತೆಯ ಕಡೆ ಮುಖ ಮಾಡಿ, ಜೋಡಿಯಾಗಿ ನಿಂತು, ‘ಬಂದ ದಾರಿಗೆ ಸುಂಕವಿಲ್ಲ, ಹೊರಡವ್ವ’ ಎನ್ನುವಂತಿದ್ದವು. ಮುಸಲ್ಮಾನಳಲ್ಲದವಳು ಬಂದು ಪಾಠಕ್ಕೆ ಕೂತದ್ದು ಯಾರಿಗೋ ಸೇರಿಲ್ಲ, ಬಾಯಿಬಿಟ್ಟು ಹೇಳದೆ ಚಪ್ಪಲಿಯಿಂದ ಹೇಳಿಸಿದ್ದಾರೆ ಎಂದುಕೊಂಡೆ. ಮರುದಿನವೂ ಹಾಗೇ ಆಯಿತು. ಕೊನೆಗೆ ತಡೆಯಲಾರದೆ, ಇಂಗ್ಲಿಷ್ ಬಲ್ಲ ಕೋಣೆಯ ಗೆಳತಿಯನ್ನು ಕೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುರುಗಳ ಚಪ್ಪಲಿಯನ್ನೂ ದೂರದಿಂದ ಬಂದವರ ಚಪ್ಪಲಿಯನ್ನೂ ಹೀಗೆ ತಿರುಗಿಸಿಡುವುದು ಇಲ್ಲಿನ ಮರ್ಯಾದೆಯಂತೆ. ಹೊರಗೆ ಬಂದವರು ಹಿಂದು ಮುಂದಾಗಿ ಕಾಲು ತೂರಿಸಬಾರದು, ನೇರ ಮೆಟ್ಟಿ ನಡೆಯಬೇಕು. ನನಗೆ ಮಾಡಿದ ಸನ್ಮಾನಕ್ಕೆ ನಾನು ಎರಡು ದಿನ ಮುಖ ಸಣ್ಣದು ಮಾಡಿಕೊಂಡು ತಿರುಗಿದ್ದೆ.

ಆ ಗೆಳತಿಯ ಹೆಸರು ದೇವಿ. ಐದು ಹೊತ್ತೂ ನಮಾಜು ತಪ್ಪಿಸದ, ಅಪ್ಪಟ ಮುಸಲ್ಮಾನರ ಮನೆಯ ಹುಡುಗಿ. ಇಂಡೋನೇಷ್ಯಾದ ಜಾವಾ ದ್ವೀಪದ ನಡುಮಧ್ಯೆ, ಬೆಟ್ಟದ ಬುಡದ ಈ ಹಳ್ಳಿಯಲ್ಲಿ ಅಂಥವಳಿಗೆ ಆ ಹೆಸರಿರುವುದು ವಿಶೇಷವೇನೂ ಅಲ್ಲ. ಉಪವಾಸಕ್ಕೆ ಇಲ್ಲಿನವರು ‘ಪುವಾಸಾ’ ಎನ್ನುತ್ತಾರೆ. ಕೇಳಿದ ಕೂಡಲೇ ನಮ್ಮದೇ ಮಾತು ಯಾವ ಹಡಗು ಹತ್ತಿ ಬಂತೋ ಎನಿಸಿತು. ನಾನಿರುವ ಜಾಗಕ್ಕೆ ‘ಪೆಸಾಂತ್ರೆನ್’ ಎಂದು ಹೆಸರು. ಅಲ್ಲೇ ಉಂಡು, ಅಲ್ಲೇ ಮಲಗಿ, ಗುರುವಿನ ಕಣ್ಣೆದುರಲ್ಲೇ ಓದುವ ಮದರಸಾ ಎಂದುಕೊಳ್ಳಿ. ನಮ್ಮದು ಹೆಣ್ಣುಮಕ್ಕಳದು. ಕಲಿಸುವವರೂ ಹೆಣ್ಣು: ಅರವತ್ತು ದಾಟಿದ, ನಡೆಯುವಾಗ ಸದ್ದೇ ಮಾಡದ ಅಜ್ಜಿ. ಗುರುಮಾತೆಗೆ ಇಲ್ಲಿ ‘ನ್ಯಾಯಿ’ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಮಹಾರಾಷ್ಟ್ರದ ಗಡಿಯ ಉದಗಾಂವದ ಜೈನ ಒಕ್ಕಲಿನ ಮನೆಯವಳಿಗೆ ಇಲ್ಲೇನು ಕೆಲಸ ಎಂದು ನೀವು ಕೇಳುವುದು ಸಹಜ. ಊರೇ ಕೇಳಿತ್ತು. ಕೊಲ್ಹಾಪುರದಲ್ಲಿ ಎಂ.ಎ. ಮುಗಿಸಿ ಗಡಹಿಂಗ್ಲಜದಲ್ಲಿ ಇತಿಹಾಸ ಕಲಿಸುತ್ತಿದ್ದಾಗ ನನಗೆ ಬಾಡಿಗೆ ಮನೆ ಕೊಟ್ಟಿದ್ದವರು ಒಬ್ಬ ಮುಸಲ್ಮಾನ ಮುದುಕಿ. ನಾನು ಸುಮ್ಮನಿರುವ ಜಾತಿಯವಳಲ್ಲ. ನಮಾಜು ಹೀಗೇ ಯಾಕೆ, ರೋಜಾ ಎನ್ನುವ ಉಪವಾಸ ಯಾಕೆ ಎಂದು ದಿನಾ ಅವರ ತಲೆ ತಿನ್ನುತ್ತಿದ್ದೆ. “ನನಗೇನ್ ಗೊತ್ತೈತಿ ಬೇಟಾ, ನಮ್ಮವ್ವ ಮಾಡ್ತಿದ್ಲು, ನಾ ಮಾಡ್ತೀನಿ. ಓದಿದವರನ್ನ ಕೇಳು” ಎಂದು ಕೈಮುಗಿಯುತ್ತಿದ್ದರು. ಓದಿದವರನ್ನೇ ಕೇಳೋಣ, ಅದರಲ್ಲೂ ಓದಿದ ಹೆಂಗಸರನ್ನು, ಎಂದು ಹುಡುಕುತ್ತ ಹೊರಟವಳು ವಿಮಾನ ಇಳಿದು ಎರಡು ಬಸ್ಸು, ಒಂದು ಮೋಟಾರ್ ಸೈಕಲ್ ಹತ್ತಿ ಈ ಬೆಟ್ಟದ ಬುಡಕ್ಕೆ ಬಂದು ಬಿದ್ದೆ.

ಹೊರಡುವ ಮುಂಚೆ ಮನೆಯಲ್ಲಿ ದೊಡ್ಡ ರಾಮಾಯಣವಾಯಿತು. ಇಚಲಕರಂಜಿಯಿಂದ ಮೌಶಿ, ಅಂದರೆ ಅವ್ವನ ತಂಗಿ, ಮಗ್ಗದ ಕೆಲಸ ಬಿಟ್ಟು ಓಡಿ ಬಂದಳು. “ಊರಿಗೆ ಬಂದಾಕಿ ನೀರಿಗೆ ಬರದೇ ಇರ್ತಾಳೇನ? ಇವತ್ತ ಓದ್ತಾಳ, ನಾಳೆ ರೋಜಾ ಹಿಡೀತಾಳ, ನಾಡದ ಅವರಾಕಿ ಆಗ್ತಾಳ. ಬರೆದಿಟ್ಕೋ ಅಕ್ಕಾ!” ಅವ್ವ ಜಗಳಗಂಟಿಯಲ್ಲ. ಆದರೆ ಆ ದಿನ ಎಲ್ಲರ ಮುಂದೆ ಎದ್ದು ನಿಂತು, “ನನ್ನ ಮಗಳು ಹ್ಯಾಂಗ ಹೊಂಟಾಳ, ಹಂಗ ಬರ್ತಾಳ. ಅದು ನನ್ನ ಮಾತು” ಎಂದಳು. ಆ ಮಾತಿಗೆ ಜಾಮೀನಾಗಿ ಬಸದಿಗೆ ಕರೆದೊಯ್ದು ನನ್ನಿಂದ ನಿಯಮ ಮಾಡಿಸಿದಳು: ತಿರುಗಿ ಬರುವ ತನಕ ಮಾಂಸ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಮರುದಿನ ಹುಟ್ಟುವವರೆಗೆ ಅನ್ನವಿಲ್ಲ, ನೀರೂ ಇಲ್ಲ. ಮೊದಲನೆಯದು ಸರಿ. ಎರಡನೆಯದಕ್ಕೆ ನನಗೆ ಒಳಗೊಳಗೇ ನಗು. ಗಡಹಿಂಗ್ಲಜದ ಕೋಣೆಯಲ್ಲಿ ರಾತ್ರಿ ಖಾರದ ಚುರುಮುರಿ ಭಡಂಗಿನ ಪೊಟ್ಟಣ ಖಾಲಿ ಮಾಡಿಯೇ ಮಲಗುತ್ತಿದ್ದವಳು ನಾನು. ಅವ್ವನಿಗೂ ಅದು ಗೊತ್ತಿತ್ತು.

ಇಲ್ಲಿಗೆ ಬಂದ ಮೇಲೆ ಸಂಜೆಯ ಊಟವನ್ನು ಐದಕ್ಕೇ ಮುಗಿಸುವುದು ಕಷ್ಟವಾಗಲಿಲ್ಲ. ನಮ್ಮಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಹೊತ್ತು. ಇಲ್ಲಿ ವರ್ಷವಿಡೀ ಸೂರ್ಯ ಆರರ ಆಸುಪಾಸಿನಲ್ಲೇ ಮುಳುಗುತ್ತಾನೆ, ಸರಕಾರಿ ನೌಕರನ ಹಾಗೆ. ಕಷ್ಟವಾದದ್ದು ಚಟ್ನಿ. ಕೆಂಪು ಮೆಣಸಿನ ಚಟ್ನಿ ಕಂಡು ಬಾಯಲ್ಲಿ ನೀರೂರಿ ಕೈ ಚಾಚಿದರೆ ದೇವಿ ತಟ್ಟನೆ ಕೈ ಹಿಡಿದಳು. ಅದರಲ್ಲಿ ‘ತೆರಾಸಿ’ ಇತ್ತು: ಒಣಸಿಗಡಿ ಅರೆದು ಮಾಡಿದ ಮುದ್ದೆ. ಕಣ್ಣಿಗೆ ಕಾಣದು, ಹೆಚ್ಚು ಕಡಿಮೆ ಎಲ್ಲದರಲ್ಲೂ ಇರುತ್ತದೆ. ಹಾಗಾಗಿ ಈ ದೇಶದ ಭಾಷೆಯಲ್ಲಿ ನಾನು ಕಲಿತ ಮೊದಲ ಪೂರ್ಣ ವಾಕ್ಯ ‘ಇದರಲ್ಲಿ ತೆರಾಸಿ ಇದೆಯಾ?’ ಅನ್ನ, ತೆಂಗಿನಹಾಲಿನ ಪಲ್ಯ, ಬಾಳೆಹಣ್ಣು ನನ್ನನ್ನು ಬದುಕಿಸಿದವು. ಜೋಳದ ರೊಟ್ಟಿಯ ನೆನಪಾದಾಗ ಮಾತ್ರ ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದೆ. ನಗಬೇಡಿ, ರೊಟ್ಟಿಗಾಗಿ ಅಳುವುದು ಮನುಷ್ಯರಿಗಾಗಿ ಅಳುವುದಕ್ಕಿಂತ ಸುಲಭ.

ಓದು ಮಾತ್ರ ಹಬ್ಬ. ನ್ಯಾಯಿ ಅರಬ್ಬಿ ಪುಸ್ತಕದ ಒಂದೊಂದೇ ಪದ ಓದಿ ಜಾವಾ ಭಾಷೆಯಲ್ಲಿ ಅರ್ಥ ಹೇಳುತ್ತಾರೆ. ಹುಡುಗಿಯರು ಅದನ್ನು ಪದದ ಕೆಳಗೆ ಓರೆಯಾಗಿ, ಚಿಕ್ಕದಾಗಿ ಬರೆದುಕೊಳ್ಳುತ್ತಾರೆ. ಪುಟ ತುಂಬಿದಾಗ ಪ್ರತಿ ಸಾಲಿಗೂ ಗಡ್ಡ ಬೆಳೆದಂತೆ ಕಾಣುತ್ತದೆ. ಅವರೂ ಅದಕ್ಕೆ ಗಡ್ಡ ಎಂದೇ ಕರೆಯುತ್ತಾರೆ. ದೇವಿ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ್ದನ್ನು ಬರೆದುಕೊಂಡ ನನ್ನ ಪುಸ್ತಕದಲ್ಲಿ ಕನ್ನಡದ ಗಡ್ಡ. ನಮ್ಮಲ್ಲಿ ಪ್ರಾಕೃತದ ಗಾಹೆ, ಅಂದರೆ ಪದ್ಯ, ಹೇಳಿ ಕನ್ನಡದಲ್ಲೋ ಮರಾಠಿಯಲ್ಲೋ ಬಿಡಿಸಿ ಹೇಳುವುದನ್ನು ಕೇಳಿ ಬೆಳೆದವಳಿಗೆ ಈ ಕ್ರಮ ಹೊಸದೆನಿಸಲಿಲ್ಲ.

ಹೀಗೆ ಕೆಲವು ತಿಂಗಳು ಕಳೆದು, ಇಲ್ಲಿನ ಮಾತು ನಾಲಿಗೆಗೆ ಹತ್ತುವಷ್ಟರಲ್ಲಿ ರಮಜಾನ್ ಬಂತು.

ಮೊದಲ ದಿನ ಮಧ್ಯಾಹ್ನ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬಂತು. ಉಪವಾಸದ ಹಗಲಿನಲ್ಲಿ ಯಾರಪ್ಪಾ ಎಂದು ಇಣುಕಿದರೆ, ನಸುಕಿನಿಂದ ಹನಿ ನೀರೂ ಮುಟ್ಟದ ನ್ಯಾಯಿ ಒಲೆಯ ಮುಂದೆ ಕೂತು ನನಗಾಗಿ ಪಲ್ಯ ಮಾಡುತ್ತಿದ್ದರು. ಅವರ ತುಟಿ ಒಣಗಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. “ನಾಳೆಯಿಂದ ನಾನೂ ಹಗಲು ತಿನ್ನುವುದಿಲ್ಲ” ಎಂದುಬಿಟ್ಟೆ. “ಒಳ್ಳೆಯದು, ಸಂಜೆ ನಮ್ಮ ಜೊತೆ ತಿನ್ನು” ಎಂದರು. ಆಗ ಹೊಳೆಯಿತು ನನ್ನ ಅವಸ್ಥೆ. ಅವರ ಬಾಯಿ ತೆರೆಯುವ ಗಳಿಗೆಗೇ ನನ್ನ ಬಾಯಿ ಮುಚ್ಚಬೇಕು. ಹಗಲು ಅವರ ಮರ್ಯಾದೆಗೆ, ರಾತ್ರಿ ಅವ್ವನ ಮಾತಿಗೆ ಎಂದು ಬಿಟ್ಟರೆ ತಿಂಗಳಿಡೀ ಉಪವಾಸ. ಹಾಗೆ ಇರಲು ನಾನೇನು ಮುನಿಯೇ? ಒಂದೋ ನಿಯಮ ಮುರಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

ನನ್ನ ಕಷ್ಟ ಕೇಳಿದ ನ್ಯಾಯಿ ವಿಷಯವನ್ನು ಆ ರಾತ್ರಿಯ ಪಾಠಕ್ಕೇ ತಂದರು. “ನಮ್ಮ ಮನೆಯಲ್ಲೇ ಒಂದು ಪ್ರಶ್ನೆ ಕೂತಿದೆ. ಪುಸ್ತಕ ತೆಗೆಯಿರಿ” ಎಂದರು. ಹಿರಿಯ ಹುಡುಗಿಯರು ಸಾಲಾಗಿ ಕೂತರು, ಪ್ರಶ್ನೆಯಾದ ನಾನು ನಡುವೆ ಕೂತೆ. ಒಬ್ಬಳು ಪುಟ ತೋರಿಸಿ, ಉಪವಾಸದ ಹಗಲು ಯಾರಿಗೂ ಊಟ ಬಡಿಸುವುದು ಸರಿಯಲ್ಲ ಎಂದಳು. ಇನ್ನೊಬ್ಬಳು, ಅತಿಥಿಯನ್ನು ಹಸಿದಿರಿಸುವುದು ಯಾವ ಪುಸ್ತಕದಲ್ಲಿದೆ ಎಂದು ಮೇಲೆ ಬಿದ್ದಳು. ಮತ್ತೊಬ್ಬಳು ನನ್ನತ್ತ ತಿರುಗಿ ಕೇಳಿದಳು:

“ಕತ್ತಲಲ್ಲಿ ಯಾಕೆ ತಿನ್ನಬಾರದು?”

“ಸಣ್ಣ ಜೀವಗಳು ಅನ್ನದಲ್ಲಿ ಬಿದ್ದು ಸಾಯುತ್ತವೆ.”

“ಈಗ ಕರೆಂಟಿನ ದೀಪ ಇದೆಯಲ್ಲ?”

ನಾನೂ ಚಿಕ್ಕವಳಿದ್ದಾಗ ಇದನ್ನೇ ಅವ್ವನಿಗೆ ಕೇಳಿದ್ದೆ. ‘ದೀಪ ಕಂಡ್ರ ಹುಳ ಇನ್ನೂ ಜಾಸ್ತಿ ಬರ್ತಾವ, ಬಾಯಿ ಮುಚ್ಚು’ ಎಂದಿದ್ದಳು. ಅದನ್ನೇ ಹೇಳಿದೆ. ಹುಡುಗಿಯರು ತಲೆಯ ಮೇಲಿನ ದೀಪ ನೋಡಿದರು. ಮಳೆಗಾಲದ ಹುಳಗಳು ಅದಕ್ಕೆ ಮುತ್ತಿಕೊಂಡಿದ್ದವು.

ನ್ಯಾಯಿ ಕೇಳಿದರು: “ಇದು ನಿನ್ನ ತಾಯಿಗೆ ಕೊಟ್ಟ ಮಾತೂ ಹೌದಾ?”

“ಹೌದು.”

“ಹಾಗಾದರೆ ಅದನ್ನು ಮುರಿಸುವ ಮಾತು ಈ ಮನೆಯಲ್ಲಿ ಬೇಡ. ಬೇರೆ ದಾರಿ ಹುಡುಕಿ.”

ದಾರಿ ಹುಡುಕಿದವಳು ದೇವಿ. ಆ ತಿಂಗಳು ಅಡುಗೆಯ ಪಾಳಿ ಅವಳದು. ಉಪವಾಸವಿದ್ದು ಅಡುಗೆ ಮಾಡುವವರು ನಾಲಿಗೆಯ ತುದಿಗೆ ಹಚ್ಚಿ ಉಪ್ಪು ನೋಡಿ ಉಗುಳಬಹುದು, ಆದರೆ ಬೇರೆ ಉಪಾಯವಿಲ್ಲದಿದ್ದರೆ ಮಾತ್ರ ಎಂದು ಪುಸ್ತಕದಲ್ಲಿದೆಯಂತೆ. “ಈಗ ಉಪವಾಸವಿಲ್ಲದವಳೊಬ್ಬಳು ಅಡುಗೆಮನೆಯಲ್ಲೇ ಇದ್ದಾಳೆ. ಅಂದರೆ ನಮಗೆ ಉಪಾಯ ಇದೆ. ಇನ್ನು ನಾವು ರುಚಿ ನೋಡುವ ಹಾಗಿಲ್ಲ, ಅವಳೇ ನೋಡಬೇಕು!” ಎಂದಳು. ಚಪ್ಪಾಳೆ ಬಿತ್ತು. ನ್ಯಾಯಿ ನಕ್ಕು ತೀರ್ಪು ಕೊಟ್ಟರು: ಮಧ್ಯಾಹ್ನದ ಊಟ ನಾನೇ ಮಾಡಿಕೊಳ್ಳಬೇಕು, ಸಂಜೆ ಐದಕ್ಕೆ ಇಡೀ ಮನೆಯ ಅಡುಗೆಯಲ್ಲಿ ಮೀನಿಲ್ಲದ, ತೆರಾಸಿ ಇಲ್ಲದ ಪಾತ್ರೆಗಳ ಉಪ್ಪು ನೋಡಬೇಕು, ಹೊಟ್ಟೆ ತುಂಬುವಷ್ಟು ನೋಡಬೇಕು.

ಉದ್ಯೋಗದ ಮೊದಲ ದಿನವೇ ಎಡವಟ್ಟಾಯಿತು. ಮಧ್ಯ ಜಾವಾದವರದು ಬೆಲ್ಲದ ಕೈ, ಪಲ್ಯವೂ ಸಿಹಿ. ಕೊಲ್ಹಾಪುರದ ನಾಲಿಗೆಗೆ ಅದು ಸಪ್ಪೆ ಎನಿಸಿ, ಇನ್ನಷ್ಟು ಖಾರ, ಇನ್ನಷ್ಟು ಉಪ್ಪು ಎಂದು ಅಧಿಕಾರದಿಂದ ಹಾಕಿಸಿದೆ. ದಿನವಿಡೀ ಹಸಿದ ಹುಡುಗಿಯರು ಮೊದಲ ತುತ್ತಿಗೇ ಬಿಕ್ಕಳಿಸಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಗಡಿಗೆಯತ್ತ ಓಡಿದರು. ಮೂಲೆಯಲ್ಲಿ ಮುದುಡಿ ಕೂತಿದ್ದ ನನಗೆ ದೇವಿ ಮೂಗು ಒರೆಸಿಕೊಳ್ಳುತ್ತ, “ನಿಮ್ಮೂರಿನಲ್ಲಿ ಮಕ್ಕಳನ್ನೂ ಹೀಗೇ ಉಣ್ಣಿಸಿ ಅಳಿಸುತ್ತಾರಾ?” ಎಂದು ಕೇಳಿದಳು. ಆಮೇಲೆ ನಾನು ಅವರ ನಾಲಿಗೆಯಿಂದ ಉಪ್ಪು ನೋಡುವುದನ್ನು ಕಲಿತೆ.

ಹೊತ್ತು ಮುಳುಗಿದಾಗ ಮಸೀದಿಯಲ್ಲಿ ‘ಬೆದುಗ್’ ಎಂಬ ದೊಡ್ಡ ನಗಾರಿ ಬಾರಿಸುತ್ತಾರೆ. ಅದಕ್ಕೆ ಮುಂಚೆ ನಾನು ಉಂಡು, ತಟ್ಟೆ ತೊಳೆದು, ಬಾಯಿ ಮುಕ್ಕಳಿಸಿ ಮುಗಿಸಿರಬೇಕು. ಹಾಗಂತ ನ್ಯಾಯಿ ನನ್ನನ್ನು ಕೋಣೆಗೆ ಹೋಗಗೊಡಲಿಲ್ಲ. “ಉಣ್ಣದಿದ್ದರೇನು, ಕೂರಬಾರದೇ?” ಎಂದು ಪಕ್ಕದಲ್ಲೇ ಕೂರಿಸಿಕೊಂಡರು. ಅವರೆಲ್ಲ ಉಣ್ಣುವಾಗ ನಾನು ಖಾಲಿ ಕೈಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದೆ. ಇಡೀ ದಿನದಲ್ಲಿ ಒಂಟಿತನ ಕಾಡದ ಹೊತ್ತು ಅದೊಂದೇ.

ಆ ಖುಷಿಯಲ್ಲೇ ಒಂದು ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದೆ: ಕೈಯಲ್ಲಿ ಸೌಟು, ಬಾಯಲ್ಲಿ ಬಾಳೆಹಣ್ಣಿನ ಪಾಯಸ, ಹಿಂದೆ ಸಾಲಾಗಿ ತಟ್ಟೆಗಳು. ಮೋಡ ಕವಿದು ಕಪ್ಪಾಗಿದ್ದರಿಂದ ದೀಪ ಹಚ್ಚಿದ್ದರು. ಮರುದಿನವೇ ಅವ್ವನ ಫೋನು, ಇಚಲಕರಂಜಿಯ ಮೌಶಿಯ ಮನೆಯಿಂದ.

“ಖರೆ ಹೇಳು. ನಿಯಮ ಮುರದಿಯೇನ?”

“ಇಲ್ಲವ್ವಾ! ಇನ್ನಾ ಹೊತ್ತಿತ್ತು. ಮಳೆ ಮೋಡ.”

ಹಿಂದಿನಿಂದ ಮೌಶಿ: “ಅಗ ಬಾಯಿ! ದೀಪ ಹಚ್ಯಾರ, ತಾಟು ಹಾಕ್ಯಾರ, ಹೊತ್ತಿತ್ತಂತ! ನೀರಿಗಿ ಬಂದಾಳ ಅಕ್ಕಾ, ನಿನ್ನ ಮಗಳು.”

ಅವ್ವ ಮತ್ತೆ ಫೋನಿಗೆ ಬಂದಳು. “ಬಸದ್ಯಾಗ ಹೆಣ್ಣಮಕ್ಕಳು ಕೇಳಾಕತ್ತಾರ. ನಾ ಏನ್ ಹೇಳಲಿ? ಮುರದಿದ್ರ ಮುರೀತು, ಓದಿದ್ದು ಸಾಕು, ಬಂದುಬಿಡು.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ನ್ಯಾಯಿಗೆ ಹೇಳಿದೆ. ತಾವೇ ಸಾಕ್ಷಿ ಹೇಳುವುದಾಗಿ ಫೋನ್ ತೆಗೆದುಕೊಂಡರು. ಅವರು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಮೌಶಿ ಬಿಡುತ್ತಾಳೆಯೇ? “ಆಕಿ ಏನರೆ ಅನ್ನಲಿ, ತಿರುಗಿಸಿ ಹೇಳಾಕಿ ನೀನs ಅಲ್ಲೇನ?” ಲಾಯರಾಗಬೇಕಿದ್ದ ಹೆಂಗಸು ಮಗ್ಗ ನಡೆಸುತ್ತಿದ್ದಾಳೆ.

ಮರುದಿನ ಸಂಜೆ ನ್ಯಾಯಿ ಹೇಳಿದಂತೆ ದೇವಿ ವಿಡಿಯೋ ಕರೆ ಮಾಡಿ ಫೋನ್ ಹಿಡಿದು ನಿಂತಳು. ಅಲ್ಲಿ ಅವ್ವ, ಮೌಶಿ ಇಬ್ಬರೂ. ಮೊದಲು ಬೆಟ್ಟದ ಮೇಲೆ ಇನ್ನೂ ಉಳಿದಿದ್ದ ಬಿಸಿಲನ್ನು ತೋರಿಸಿದಳು. ಆಮೇಲೆ ನಾನು ಉಣ್ಣುವುದನ್ನು, ತಟ್ಟೆ ತೊಳೆದು ಕವುಚಿ ಹಾಕುವುದನ್ನು. ಆಮೇಲೆ ಸಾಲಾಗಿ ಕೂತ ಹುಡುಗಿಯರನ್ನು. ಎದುರಿಗೆ ಬಿಸಿ ಅನ್ನ, ಒಬ್ಬಳ ಕೈಯೂ ಏಳುತ್ತಿಲ್ಲ. ಬೆದುಗ್ ಮೊಳಗಿತು. ಸಣ್ಣ ಪ್ರಾರ್ಥನೆ, ಎಲ್ಲ ಕೈಗಳೂ ಒಟ್ಟಿಗೆ ನೀರಿಗೆ ಹೋದವು. ನ್ಯಾಯಿಯ ಪಕ್ಕ ನಾನೊಬ್ಬಳು ಕೈ ಕಟ್ಟಿ ಕೂತಿದ್ದೆ. ಯಾರೂ ಏನನ್ನೂ ತಿರುಗಿಸಿ ಹೇಳಬೇಕಾಗಲಿಲ್ಲ.

ಮೊದಲು ಮಾತಾಡಿದವಳು ಮೌಶಿ. “ಪಾಪ, ಹುಡುಗ್ಯಾರು ಭಾಳ ಹಸದಿದ್ರಲ್ಲ.” ಅವ್ವ ಕೇಳಿದಳು: “ಆ ಅಜ್ಜಿ ಹೊಟ್ಟಿ ಹಸಕೊಂಡು ನಿನಗ ಅಡಗಿ ಮಾಡಿ ಹಾಕಿದ್ರಂದಿ. ಹೌದೇನ?” ಹೌದೆಂದೆ. “ಹಂಗಾರ ನಿನ್ನ ನಿಯಮ ಕಾದಾಕಿ ನೀ ಅಲ್ಲ ಬಿಡು, ಆಕಿ” ಎಂದು ಪರದೆಗೇ ಕೈಮುಗಿದಳು. ನ್ಯಾಯಿಯೂ ಕೈಮುಗಿದರು.

ದೀಪಾವಳಿಗೆ ಊರಿಗೆ ಹೋದೆ. ‘ತಿರುಗಿ ಬರುವ ತನಕ’ ಎಂಬ ನಿಯಮ ಅಲ್ಲಿಗೆ ಮುಗಿಯಿತಲ್ಲ, ಬಸದಿಗೆ ಹೋಗಿ ಬಿಡಿಸಿಕೊಂಡೂ ಬಂದೆ. ಅವ್ವನ ಮಾತು ಗೆದ್ದಿತ್ತು. ಅದೇ ಸಂತೋಷಕ್ಕೆ ಮೌಶಿ ಇಚಲಕರಂಜಿಗೆ ಎಲ್ಲರನ್ನೂ ಊಟಕ್ಕೆ ಕರೆದಳು. ಮಗ್ಗ ನಿಲ್ಲಿಸಿ ಎಲ್ಲರೂ ಸೇರುವಷ್ಟರಲ್ಲಿ ಕತ್ತಲಾಗಿ ಎಷ್ಟೋ ಹೊತ್ತಾಗಿತ್ತು. ಹೋಳಿಗೆ, ಬೇಳೆ ಬಸಿದ ಕಟ್ಟಿನ ಆಮಟಿ ಸಾರು, ವರ್ಷದಿಂದ ಕನಸು ಕಂಡ ಊಟ. ಮೌಶಿ ತುಪ್ಪ ಸುರಿದು, “ಉಣ್ಣs ನನ್ನವ್ವ, ಈಗ ನಿನಗ ಯಾವ ಕಟ್ಟೂ ಇಲ್ಲ” ಎಂದಳು. ಎಲ್ಲರೂ ಶುರುಮಾಡಿದರು. ನನ್ನ ಕೈ ಏಳಲೊಲ್ಲದು.

“ಬ್ಯಾಡ ಮೌಶಿ. ಹೊತ್ತು ಮುಳುಗೇತಿ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. “ಮುಸಲ್ಮಾನರ ಊರಿಗೆ ಹೋಗಿ ಪಕ್ಕಾ ಜೈನಳಾಗಿ ಬಂದಾಳ ನೋಡ್ರಿ!” ಎಂದಳು ಮೌಶಿ. ನಾನೂ ನಕ್ಕೆ. ಎದ್ದು ಹೋಗಲು ಮನಸ್ಸಾಗದೆ, ಖಾಲಿ ಕೈಯಲ್ಲಿ, ಉಣ್ಣುವವರ ನಡುವೆ ಕೂತೇ ಇದ್ದೆ.

ಅವ್ವ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದವಳು ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

“ಅವರು ಈಗ ಉಂಡಿರಬೇಕಲ್ಲ, ಅಲ್ಲಿ?”

“ಯಾವಾಗೋ ಉಂಡಿರ್ತಾರವ್ವಾ.”

“ಮತ್ತ ನೀ ಯಾರನ್ನ ಕಾಯಾಕತ್ತಿ?”

ಮನಸ್ಸು ಇನ್ನೂ ನ್ಯಾಯಿಯ ಪಕ್ಕದಲ್ಲೇ ಕೂತಿದೆ ಎಂದು ಅವ್ವನ ಮುಖ ನೋಡಿ ಹೇಳಲು ನನಗೆ ಧೈರ್ಯವಾಗಲಿಲ್ಲ.